ಇಬ್ಬರಲ್ಲಿ ಯಾರು ಮೇಲು? ಗಾಲ್ಫ್ ಜೋಡಿ ಹಿಡಿಯಲು ಹನ್ನೆರಡು ಸೂತ್ರ

ದಸರಾ ಕುಸ್ತಿಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುತ್ತಾರೆ. ಪೈಲ್ವಾನರು ಬಂದು ನಿಲ್ಲುತ್ತಾರೆ. ತೂಕ ಹಾಕಿ, ವಯಸ್ಸು ಕೇಳಿ, ಕತ್ತು ಭುಜಗಳನ್ನು ಕಣ್ಣಲ್ಲೇ ಅಳೆದು, ಇವನಿಗೆ ಅವನು ಎಂದು ಹಿರಿಯರು ಗಂಟು ಹಾಕುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯವರಿಗೆ ಇದು ಹೊಸದೇನಲ್ಲ. ಪಟ್ಟಿ ಓದುತ್ತಲೇ ‘ಇದು ಸಮಜೋಡಿ ಅಲ್ಲ ಬಿಡಣ್ಣ’ ಎನ್ನುವ ಕಣ್ಣು ಇಲ್ಲಿ ಹೋಟೆಲ್ ಬೆಂಚಿನ ಮೇಲೆ ಕೂತವರಿಗೂ ಇದೆ.

ಗಾಲ್ಫ್‌ನ ದೊಡ್ಡ ಪಂದ್ಯಾವಳಿಗಳಲ್ಲೂ ಹೀಗೆಯೇ ಜೋಡಿ ಕಟ್ಟುತ್ತಾರೆ. ಕಟ್ಟುವವರು ಮಾತ್ರ ಬುಕ್ಕಿಗಳು. ಆಡುವ ಹತ್ತಾರು ಆಟಗಾರರಲ್ಲಿ ಇಬ್ಬರ ಹೆಸರು ಹೆಕ್ಕಿ, ಕೊನೆಗೆ ಇವರಲ್ಲಿ ಮೇಲಿರುವವರು ಯಾರು ಎಂದು ಕೇಳುತ್ತಾರೆ. ಕಪ್ ಯಾರಾದರೂ ಎತ್ತಲಿ, ಪ್ರಶ್ನೆ ಈ ಇಬ್ಬರದು ಮಾತ್ರ. ಕುಸ್ತಿ ನೋಡಿ ಪಳಗಿದವರು ಬೇಗ ಹಿಡಿಯುವ ಆಟ ಇದು. ಹಿಡಿಯುವ ದಾರಿ ಹೀಗೆ.

1. ದುಡ್ಡು ಇಡಬೇಡಿ

ಗೆಲ್ಲುವ ಸೂತ್ರಗಳ ಪಟ್ಟಿ ಹೀಗೆ ಶುರುವಾದರೆ ಕೆಲವರಿಗೆ ನಗು ಬರಬಹುದು. ಆದರೆ ಇದು ಮೊದಲು ತಲೆಗೆ ಹೋಗದಿದ್ದರೆ ಉಳಿದ ಹನ್ನೊಂದೂ ದಂಡ.

ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2025ರ ಆಗಸ್ಟ್ 22ರಂದು. ಕೌಶಲದ ಆಟ, ಅದೃಷ್ಟದ ಆಟ ಎಂಬ ಹಳೆಯ ಭೇದ ಅದರಲ್ಲಿಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷದವರೆಗೆ. ಆನ್‌ಲೈನ್ ಅಲ್ಲದೆ ಚೀಟಿ ಬರೆದು ಆಡಿಸುವವರಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೊದಲಿನಿಂದಲೂ ಇದೆ. ಆನ್‌ಲೈನ್ ಆಟ ತಡೆಯಲು ಆ ಕಾಯ್ದೆಗೆ ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದು ಮಾಡಿತ್ತು. ಅದನ್ನೇ ಹಿಡಿದುಕೊಂಡು ‘ಕೋರ್ಟೇ ಬಿಟ್ಟಿದೆಯಲ್ಲ’ ಎನ್ನುವವರು ಸಿಕ್ಕರೆ, ಅದು ಹಳೇ ಕಥೆ ಎಂದು ಹೇಳಿ ಮುಂದೆ ನಡೆಯಿರಿ.

ವಿಚಿತ್ರ ನೋಡಿ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಮೈಸೂರು ರೇಸ್‌ಕೋರ್ಸ್ ಮತ್ತು ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಒಂದಕ್ಕೊಂದು ಅಂಟಿಕೊಂಡೇ ಇವೆ. ಕುದುರೆಯ ಮೇಲೆ ಅಲ್ಲಿನ ಕೌಂಟರಿನಲ್ಲಿ ಟಿಕೆಟ್ ತೆಗೆದುಕೊಂಡರೆ ಕಾನೂನಿನ ತಕರಾರಿಲ್ಲ. ಪಕ್ಕದ ಆಟದ ಮೇಲೆ ಮೊಬೈಲಿನಲ್ಲಿ ಹಣ ಕಟ್ಟುವಂತಿಲ್ಲ. ಸರಿಯೋ ತಪ್ಪೋ, ಇರುವುದು ಹೀಗೆ. ಹೊರದೇಶದ ಆ್ಯಪ್‌ನಲ್ಲಿ ಗೆದ್ದ ಹಣ ಬರದಿದ್ದರೆ ಯಾರ ಮುಂದೆ ಹೋಗಿ ದೂರುತ್ತೀರಿ?

ಹಾಗಾದರೆ ಪಣ ಏನು? ಕಾಫಿ. ಸೋತವರು ಬಿಲ್ ಕೊಡಲಿ.

2. ನೂರು ಕೊಟ್ಟರೆ ತೊಂಬತ್ತೊಂದು ಎಂಬ ಲೆಕ್ಕ ಕಲಿಯಿರಿ

ಬೆಟ್ಟಿಂಗ್ ಕಾನೂನುಬದ್ಧವಾಗಿರುವ ಬ್ರಿಟನ್ನಿನಲ್ಲಿ, ಅಮೆರಿಕದ ಹಲವು ರಾಜ್ಯಗಳಲ್ಲಿ ಸಮಜೋಡಿಯ ಸಾಮಾನ್ಯ ದರ ಸುಮಾರು 1.91. ಅಂದರೆ 100 ಕಟ್ಟಿ ಗೆದ್ದರೆ ಲಾಭ 91, ಸೋತರೆ ನಷ್ಟ ಪೂರ್ತಿ 100. ತಲಾ ನೂರರಂತೆ ನೂರು ಜೋಡಿಗೆ ಕಟ್ಟಿ 50 ಗೆದ್ದಿರಿ ಎನ್ನಿ: ಬಂದದ್ದು 4,550, ಹೋದದ್ದು 5,000. ಐವತ್ತೆರಡು ಗೆದ್ದರೂ 68 ಕೈಬಿಡುತ್ತದೆ. 53 ಗೆದ್ದಾಗ ಮಾತ್ರ 123 ಉಳಿಯುತ್ತದೆ. ಜೋಡಿ ಕಟ್ಟಿದವನು ಯಾರು ಗೆದ್ದರೂ ತಿನ್ನುವ ಪಾಲು ಇದು. ‘ನಾನು ಅರ್ಧಕ್ಕಿಂತ ಹೆಚ್ಚು ಸಲ ಸರಿ ಹೇಳ್ತೀನಿ’ ಎನ್ನುವವರು ಸುಳ್ಳು ಹೇಳುತ್ತಿಲ್ಲ; ಆದರೆ ಅಷ್ಟು ಸಾಲದು.

3. ಕಪ್ ಮರೆತುಬಿಡಿ

ಅಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್‌ನಲ್ಲಿ ಮೊದಲ ಸಲ ಆಡುವವರು ಗೆಲ್ಲುವುದಿಲ್ಲ ಎಂಬುದು ಹಳೆಯ ನಂಬಿಕೆ, ಸುಳ್ಳೂ ಅಲ್ಲ. 1979ರಲ್ಲಿ ಫಜ್ಜಿ ಜೋಲರ್ ಗೆದ್ದದ್ದು ಬಿಟ್ಟರೆ ಆಮೇಲೆ ಯಾವ ಹೊಸಬರೂ ಗೆದ್ದವರಿಗೆ ತೊಡಿಸುವ ಹಸಿರು ಕೋಟು ತೊಟ್ಟಿಲ್ಲ. ಇದನ್ನು ಕೇಳಿ ಜೋಡಿಯಲ್ಲಿ ಹೊಸಬರನ್ನು ತಳ್ಳಿಹಾಕಿದರೆ ಕೆಟ್ಟಿರಿ. 2020ರಲ್ಲಿ ಇಮ್ ಸುಂಗ್‌ಜೇ, 2021ರಲ್ಲಿ ವಿಲ್ ಜಲಟೋರಿಸ್, 2024ರಲ್ಲಿ ಲುಡ್ವಿಗ್ ಓಬರ್ಗ್: ಮೂವರೂ ಮೊದಲ ಮಾಸ್ಟರ್ಸ್‌ನಲ್ಲೇ ಎರಡನೇ ಸ್ಥಾನಕ್ಕೆ ಬಂದವರು. 2024ರಲ್ಲಿ ಓಬರ್ಗ್ ಜೊತೆ, ಕಪ್ ಗೆದ್ದ ಸ್ಕಾಟಿ ಶೆಫ್ಲರ್ ಒಬ್ಬರನ್ನು ಬಿಟ್ಟು ಇನ್ಯಾರನ್ನು ಜೋಡಿ ಕಟ್ಟಿದ್ದರೂ ಓಬರ್ಗ್ ಹೆಸರು ಹೇಳಿದವರದೇ ಕಾಫಿ.

ಶೆಫ್ಲರ್ ಕಥೆಯೂ ಇದನ್ನೇ ಹೇಳುತ್ತದೆ. 2023ರ ನಾಲ್ಕು ಮೇಜರ್‌ಗಳಲ್ಲಿ, ಅಂದರೆ ವರ್ಷದ ನಾಲ್ಕು ದೊಡ್ಡ ಪಂದ್ಯಾವಳಿಗಳಲ್ಲಿ, ಒಂದನ್ನೂ ಅವರು ಗೆಲ್ಲಲಿಲ್ಲ. ಕಪ್ ಹಿಂದೆ ಬಿದ್ದವರಿಗೆ ಬರೀ ನಷ್ಟ. ಆದರೆ ಮೂರರಲ್ಲಿ ಮೊದಲ ಹತ್ತರೊಳಗಿದ್ದರು. ಅವರ ಎದುರು ಕಟ್ಟಿದ ಹೆಸರುಗಳಲ್ಲಿ ಹೆಚ್ಚಿನವು ನೆಲ ಕಂಡವು. ಕಪ್ ಊಹಿಸುವವರು ಒಮ್ಮೆ ಹಾರಿ ಹತ್ತು ಸಲ ಬೀಳುವ ಆಟಗಾರರನ್ನು ಹುಡುಕುತ್ತಾರೆ. ಜೋಡಿಗೆ ಬೇಕಾದದ್ದು ಬೀಳದವರು.

4. ನಿಯಮ ಮೊದಲು ಮಾತಾಡಿಕೊಳ್ಳಿ

ನಾಲ್ಕು ದಿನ, ನಾಲ್ಕು ಸುತ್ತು, 72 ಹೋಲ್. ಕಡಿಮೆ ಹೊಡೆತ ಹೊಡೆದವರು ಮೇಲೆ. ಎರಡು ಸುತ್ತಿನ ನಂತರ ಕೆಳಗಿನವರನ್ನು ಕಟ್ ಮಾಡಿ ಮನೆಗೆ ಕಳಿಸುತ್ತಾರೆ. ಮಾಸ್ಟರ್ಸ್‌ನಲ್ಲಿ ಮೊದಲ 50 ಮತ್ತು ಸಮ ಬಂದವರು, ಯು.ಎಸ್. ಓಪನ್‌ನಲ್ಲಿ 60, ಪಿಜಿಎ ಚಾಂಪಿಯನ್‌ಷಿಪ್ ಮತ್ತು ದಿ ಓಪನ್‌ನಲ್ಲಿ 70 ಉಳಿಯುತ್ತಾರೆ. ಜೋಡಿಯಲ್ಲಿ ಒಬ್ಬರು ಕಟ್ ಆದರೆ ಅಲ್ಲಿಗೇ ತೀರ್ಮಾನ. ಇಬ್ಬರೂ ಕಟ್ ಆದರೆ ಆ ಎರಡು ದಿನದ ಹೊಡೆತ ನೋಡುತ್ತಾರೆ. ಆಟ ಶುರು ಮಾಡಿ ನಡುವೆ ಬಿಟ್ಟುಹೋದವರು ಸೋತಂತೆ. ಇಷ್ಟನ್ನು ಗುರುವಾರ ಬೆಳಿಗ್ಗೆಯೇ ಒಪ್ಪಿಕೊಳ್ಳದಿದ್ದರೆ ಭಾನುವಾರ ರಾತ್ರಿ ಜಗಳ ಗ್ಯಾರಂಟಿ.

5. ಪಟ್ಟಿಂಗ್‌ಗೆ ಮರುಳಾಗಬೇಡಿ, ಕಬ್ಬಿಣ ನೋಡಿ

ಎಲ್ಲ ಸೂತ್ರಗಳಲ್ಲಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನು.

ಟಿವಿಯಲ್ಲಿ ತೋರಿಸುವುದು ಪಟ್ಟಿಂಗ್. ಚೆಂಡು ಉರುಳಿ ಕುಳಿಗೆ ಬೀಳುವುದು, ಮುಷ್ಟಿ ಎತ್ತುವುದು, ಜನ ಕೂಗುವುದು. ಹಾಗಾಗಿ ಕಳೆದ ವಾರ ಉದ್ದುದ್ದ ಪಟ್ ಹಾಕಿದವರ ಮೇಲೆ ಎಲ್ಲರಿಗೂ ಪ್ರೀತಿ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ದಾಖಲೆ ಕೂಡಿಸಿ ಬೇರೆಯದೇ ಹೇಳಿದರು. ಅಗ್ರ ಆಟಗಾರರಿಗೂ ಸರಾಸರಿ ಆಟಗಾರರಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೇ ಎರಡು ಭಾಗ ನೂರು ಗಜದಾಚೆಯ ಹೊಡೆತಗಳಿಂದ ಬರುತ್ತದೆ. ಪಟ್ಟಿಂಗ್ ಪಾಲು ನೂರಕ್ಕೆ ಸುಮಾರು 15 ಮಾತ್ರ. ಅವರ ‘ಸ್ಟ್ರೋಕ್ಸ್ ಗೇಯ್ನ್ಡ್’ ಎಂಬ ಲೆಕ್ಕವನ್ನು ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಪಟ್ಟಿಂಗ್‌ನಿಂದ ಆರಂಭಿಸಿ ಬಳಕೆಗೆ ತಂದಿತು. ಪ್ರತಿ ಹೊಡೆತಕ್ಕೂ, ಅದೇ ಜಾಗದಿಂದ ಉಳಿದವರ ಸರಾಸರಿಗಿಂತ ಈ ಆಟಗಾರ ಎಷ್ಟು ಗಳಿಸಿದ, ಎಷ್ಟು ಕಳೆದ ಎಂಬ ಲೆಕ್ಕ ಅದು. ಪುಕ್ಕಟೆ ಸಿಗುತ್ತದೆ, ಓದಿ.

ಎಂಟು ಅಡಿಯಿಂದ ವಿಶ್ವದರ್ಜೆಯವರೂ ಹಾಕುವುದು ಸುಮಾರು ಅರ್ಧ ಪಟ್‌ಗಳನ್ನಷ್ಟೆ. ಅಂಥ ಹತ್ತರಲ್ಲಿ ಏಳು ಬಿದ್ದರೆ ಈ ವಾರ ಹೀರೊ, ಮೂರು ಬಿದ್ದರೆ ಮುಂದಿನ ವಾರ ಕಟ್. ದೂರದಿಂದ ಐರನ್ (ಕಬ್ಬಿಣದ ಕೋಲು) ಹಿಡಿದು ಚೆಂಡನ್ನು ಕುಳಿಯ ಸುತ್ತಲ ಗ್ರೀನ್ ಮೇಲೆ ಇಡುವ ಕೈ ಮಾತ್ರ ವಾರದಿಂದ ವಾರಕ್ಕೆ ಅಷ್ಟು ಬದಲಾಗುವುದಿಲ್ಲ. ಗರಡಿಯಲ್ಲೂ ಒಂದೇ ಪಟ್ಟು ಬಿದ್ದು ಗೆದ್ದವನನ್ನು ಹಿರಿಯರು ನಂಬುವುದಿಲ್ಲ, ಕಾಲೂರಿ ನಿಲ್ಲುವವನನ್ನು ನಂಬುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಬಂದು ಎಲ್ಲವನ್ನೂ ತಲೆಕೆಳಗು ಮಾಡುತ್ತಾರೆ. 2021ರ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ 60 ಮಂದಿಯಲ್ಲಿ ದೂರ ಹೊಡೆಯುವುದರಲ್ಲಿ ಅವರು ಕೊನೆಯ ಸಾಲಿನವರು, ಪಟ್ಟಿಂಗ್‌ನಲ್ಲಿ ಮೊದಲ ಸಾಲಿನವರು. ತಾಯಿ ಬ್ಯಾಗ್ ಹೊತ್ತು ಜೊತೆಗೆ ನಡೆದರು. ವಿಶ್ವ ಶ್ರೇಯಾಂಕದಲ್ಲಿ 200ರ ಸುಮಾರಿನಲ್ಲಿದ್ದ ಹುಡುಗಿ ನಾಲ್ಕು ದಿನ ಪದಕದ ಬಾಗಿಲಲ್ಲೇ ಇದ್ದು, ಕೊನೆಗೆ 15 ಅಂಡರ್‌ನಲ್ಲಿ (ನಿಗದಿತ ಹೊಡೆತಕ್ಕಿಂತ 15 ಕಡಿಮೆ) ನಾಲ್ಕನೇ ಸ್ಥಾನ ಪಡೆದರು. ಕಂಚು ಗೆದ್ದ ಲಿಡಿಯಾ ಕೋ 16 ಅಂಡರ್. ಒಂದೇ ಹೊಡೆತ. ಅಂದು ಕೋ–ಅದಿತಿ ಜೋಡಿ ಕಟ್ಟಿದ್ದರೆ ಕೋ ಹಿಡಿದವರು ಗೆದ್ದಿರುತ್ತಿದ್ದರು, ಆದರೆ ಕೊನೆಯ ಹೋಲ್‌ವರೆಗೂ ಉಸಿರು ಬಿಗಿಹಿಡಿದು. ಹಾಗಾದರೆ ಸೂತ್ರ ಸುಳ್ಳೆ? ಅಲ್ಲ. ಪಟ್ಟರ್ ಹಿಡಿದು ಒಂದು ವಾರವನ್ನು ಯಾರೂ ಗೆಲ್ಲಬಹುದು. ಯಾವ ವಾರ ಎಂದು ಮುಂಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ.

6. ದೊಡ್ಡ ಹೆಸರಿಗೆ ದುಬಾರಿ ಬೆಲೆ

ಟೈಗರ್ ವುಡ್ಸ್ ಹೆಸರು ಜೋಡಿಯಲ್ಲಿದ್ದರೆ ಜನ ಕಣ್ಣುಮುಚ್ಚಿ ಅದನ್ನೇ ಹೇಳುತ್ತಾರೆ. ಬುಕ್ಕಿಗೂ ಗೊತ್ತು, ಆ ಕಡೆಯ ದರ ಇಳಿಸಿರುತ್ತಾನೆ. 2023ರ ಮಾಸ್ಟರ್ಸ್‌ನಲ್ಲಿ ಟೈಗರ್ ಕಟ್ ದಾಟಿದರು, ಮಳೆ ಚಳಿಯಲ್ಲಿ ಕುಂಟಿದರು, ಮೂರನೇ ಸುತ್ತು ಮುಗಿಸದೆಯೇ ಹಿಂದೆ ಸರಿದರು. ಹೆಸರಿನ ಮೇಲೆ ನಿಂತವರು ಹೆಸರಿನ ಜೊತೆಗೇ ಮನೆಗೆ. ಮೈಸೂರಿನ ಪ್ರಣವಿ ಅರಸ್ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಆಡುತ್ತಾರೆ. ಅವರ ಹೆಸರು ಬಂದಾಗ ನಮ್ಮೂರ ಹುಡುಗಿ ಎಂದು ನಾವೂ ಇದನ್ನೇ ಮಾಡುತ್ತೇವೆ. ಮಾಡಿ, ಪರವಾಗಿಲ್ಲ, ಕಾಫಿ ತಾನೆ. ಆದರೆ ಅದು ಅಭಿಮಾನ, ಲೆಕ್ಕವಲ್ಲ ಎಂಬುದು ಗೊತ್ತಿರಲಿ.

7. ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ?

ದಿ ಓಪನ್‌ನಲ್ಲಿ 156 ಆಟಗಾರರು ಮೊದಲೆರಡು ದಿನ ಮೊದಲನೇ ಹೋಲ್‌ನಿಂದಲೇ ಒಂದರ ಹಿಂದೆ ಒಂದು ಗುಂಪಾಗಿ ಹೊರಡುತ್ತಾರೆ. ಮುಂಜಾನೆ ಆರೂವರೆಗೆ ಶುರುವಾದದ್ದು ಮಧ್ಯಾಹ್ನ ನಾಲ್ಕರವರೆಗೂ ನಡೆಯುತ್ತದೆ. ಕಡಲ ಗಾಳಿ ಹೊತ್ತಿಗೊಂದು ಥರ. ಬೆಳಿಗ್ಗೆಯವರು ತಣ್ಣಗೆ ಆಡಿ ಊಟಕ್ಕೆ ಕೂತ ಹೊತ್ತಿಗೆ ಸಂಜೆಯವರ ಚೆಂಡು ಪೊದೆಯಲ್ಲಿರುತ್ತದೆ. ಗುರುವಾರ ಬೆಳಿಗ್ಗೆ ಆಡಿದವರು ಶುಕ್ರವಾರ ಮಧ್ಯಾಹ್ನ ಆಡುತ್ತಾರೆ, ಆದರೆ ಗಾಳಿ ಆ ಲೆಕ್ಕ ಸರಿದೂಗಿಸುತ್ತದೆಂಬ ಖಾತ್ರಿ ಇಲ್ಲ. ಜೋಡಿಯ ಇಬ್ಬರೂ ಒಂದೇ ಹೊತ್ತಿನವರಾದರೆ ಗಾಳಿಯನ್ನು ಮರೆಯಬಹುದು. ಬೇರೆಬೇರೆಯಾದರೆ ಹವಾಮಾನ ವರದಿ ತೆಗೆದು ನೋಡಿ. ಇಬ್ಬರ ಅಂಕಿ ಅಂಶ ನೋಡುವ ಮೊದಲೇ.

8. ಒಂದು ದಿನದ ಜೋಡಿ ಬೇಡ

ಸುತ್ತಿಗೆ ಸರಾಸರಿ ಒಂದು ಹೊಡೆತದಷ್ಟು ಮೇಲಿರುವ ಆಟಗಾರ ಎಂದರೆ ಗಾಲ್ಫ್‌ನಲ್ಲಿ ದೊಡ್ಡ ಅಂತರವೇ. ಆದರೂ ದಿನದಿಂದ ದಿನಕ್ಕೆ ಸ್ಕೋರು ಮೂರು ಹೊಡೆತ ಆಚೀಚೆ ಆಗುವುದು ಮಾಮೂಲು. ಆ ಲೆಕ್ಕದಲ್ಲಿ ಒಂದೇ ದಿನದ ಜೋಡಿಯಲ್ಲಿ ಅವನು ಹತ್ತಕ್ಕೆ ಆರು ಸಲ ಮೇಲಿರಬಹುದು, ನಾಲ್ಕು ದಿನದ್ದರಲ್ಲಿ ಸುಮಾರು ಏಳು ಸಲ. ಬಲ ಗೊತ್ತಾಗಲು ಸಮಯ ಬೇಕು. ದಿನದಿನದ ಜೋಡಿ ಬುಕ್ಕಿಗೆ ಇಷ್ಟ, ಯಾಕೆಂದರೆ ಪಾಲು ದಿನದಿನವೂ ಬರುತ್ತದೆ.

9. ಶನಿವಾರದ ಮುನ್ನಡೆ ನೋಡಿ ಕುಣಿಯಬೇಡಿ

1996ರ ಮಾಸ್ಟರ್ಸ್. ಕೊನೆಯ ದಿನ ಗ್ರೆಗ್ ನಾರ್ಮನ್ ಆರು ಹೊಡೆತ ಮುಂದೆ, ಹಿಂದೆ ನಿಕ್ ಫಾಲ್ಡೊ. ಇಬ್ಬರೂ ಒಟ್ಟಿಗೇ ನಡೆದರು. ನಾರ್ಮನ್ 78, ಫಾಲ್ಡೊ 67. ಆರು ಹೊಡೆತ ಮುಂದಿದ್ದವರು ಐದು ಹೊಡೆತದಿಂದ ಸೋತರು. ಒಂದೇ ದಿನದಲ್ಲಿ ಹನ್ನೊಂದು ಹೊಡೆತ ಈ ತಟ್ಟೆಯಿಂದ ಆ ತಟ್ಟೆಗೆ.

ನಮ್ಮವರದ್ದೂ ಇದೆ, ಹೇಳಲು ಸಂಕಟ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿ ಮೂರನೇ ದಿನ 61 ಹೊಡೆದು ಏಳು ಹೊಡೆತ ಮುಂದೆ ಹೋದರು. ಚಿನ್ನ ಬಂದೇಬಿಟ್ಟಿತು ಎಂದು ಊರೆಲ್ಲ ಮಾತು. 2023ರ ಅಕ್ಟೋಬರ್ 1ರ ಭಾನುವಾರ 77. ಥಾಯ್ಲೆಂಡಿನ ಆರ್ಪಿಚಾಯಾ ಯುಬೋಲ್ ಚಿನ್ನ ಕೊಂಡೊಯ್ದರು. ಏಷ್ಯನ್ ಕ್ರೀಡಾಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅದಿತಿ ಎಂಬುದನ್ನು ಆ ದಿನ ಯಾರೂ ಸರಿಯಾಗಿ ಹೇಳಲೂ ಇಲ್ಲ, ಅಷ್ಟು ಬೇಸರ.

2025ರ ಮಾಸ್ಟರ್ಸ್‌ನ ಕೊನೆಯ ಜೋಡಿಯನ್ನೂ ನೋಡಿ. ರೋರಿ ಮಕಿಲ್‌ರಾಯ್ ಎರಡು ಹೊಡೆತ ಮುಂದೆ ಹೊರಟು ಮೊದಲ ಹೋಲ್‌ನಲ್ಲೇ ಅದನ್ನು ಕಳೆದರು. ಎರಡನೆಯದು ಮುಗಿಯುವಾಗ ಬ್ರೈಸನ್ ಡಿಶಾಂಬೊ ಮುಂದೆ. ಆಗಲೇ ಟಿವಿ ಆರಿಸಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ರೋರಿ 73, ಬ್ರೈಸನ್ 75; ಸಮ ಬಂದು ಕಪ್ ನಿರ್ಧರಿಸುವ ಪ್ಲೇಆಫ್‌ನಲ್ಲಿ ರೋರಿಗೆ ಎದುರಾದವರು ಅವರ ಜೋಡಿಯಲ್ಲೇ ಇಲ್ಲದ ಜಸ್ಟಿನ್ ರೋಸ್. ಜೋಡಿಯ ಪ್ರಶ್ನೆಗೆ ರೋರಿ ಎಂದವರು ಸುಖವಾಗಿ ಗೆದ್ದರು, ಪ್ಲೇಆಫ್ ಗಾಬರಿ ಅವರದಾಗಿರಲಿಲ್ಲ.

10. ಹೆಚ್ಚಿನವನ್ನು ಬಿಟ್ಟುಬಿಡಿ

ಪಟ್ಟಿಯಲ್ಲಿ ಮೂವತ್ತು ಜೋಡಿ ಇದ್ದರೆ ಮೂವತ್ತಕ್ಕೂ ಅಭಿಪ್ರಾಯ ಬೇಕಿಲ್ಲ. ಕಟ್ಟಿದವರು ದಡ್ಡರಲ್ಲ, ಹೆಚ್ಚಿನವು ಸಮಜೋಡಿಗಳೇ. ಐರನ್ ಆಟದಲ್ಲಿ ಒಬ್ಬರು ಸ್ಪಷ್ಟವಾಗಿ ಮೇಲು, ಆದರೆ ಇನ್ನೊಬ್ಬರ ಹೆಸರು ದೊಡ್ಡದು ಅಥವಾ ಕಳೆದ ವಾರದ ಪಟ್ಟಿಂಗ್ ಚೆನ್ನಾಗಿತ್ತು. ಇಂಥದ್ದು ಎರಡೋ ಮೂರೋ ಸಿಗುತ್ತವೆ. ಅಷ್ಟೇ ಹಿಡಿಯಿರಿ.

11. ಬುಧವಾರವೇ ಬರೆದಿಡಿ

ಹೆಸರು, ಕಾರಣ, ದರ. ಕಾರಣ ಒಂದು ಸಾಲಿಗಿಂತ ಹೆಚ್ಚಾದರೆ ಅದು ಕಾರಣವಲ್ಲ, ಸಮಜಾಯಿಷಿ. ವರ್ಷದ ಕೊನೆಗೆ ಎರಡನೇ ಸೂತ್ರದ ಲೆಕ್ಕ ಹಾಕಿ ನೋಡಿ. ನೂರಕ್ಕೆ 53 ದಾಟಿದ್ದರೆ ನಿಮ್ಮ ಕಣ್ಣು ನಿಜಕ್ಕೂ ಚೆನ್ನಾಗಿದೆ. ದಾಟಿಲ್ಲವಾದರೆ ಹಣ ಕಟ್ಟಿದ್ದರೆ ಎಷ್ಟು ಹೋಗುತ್ತಿತ್ತು ಎಂದು ಅಲ್ಲೇ ಕಾಣುತ್ತದೆ. ಬಾಯಲ್ಲಿ ಇಟ್ಟುಕೊಂಡ ಲೆಕ್ಕದಲ್ಲಿ ಎಲ್ಲರೂ ಗೆದ್ದವರೇ.

12. ತಿಂಗಳು ನೋಡಿ

ಇದು ನಮ್ಮ ನಾಲ್ಕು ತಾಲ್ಲೂಕಿಗೆಂದೇ ಹೇಳುವ ಮಾತು. ಬೆಂಗಳೂರಿನವರು ಬಿಟ್ಟು ಓದಬಹುದು. ಮಾಸ್ಟರ್ಸ್ ಏಪ್ರಿಲ್‌ನಲ್ಲಿ, ಪಿಜಿಎ ಮೇನಲ್ಲಿ, ಯು.ಎಸ್. ಓಪನ್ ಜೂನ್‌ನಲ್ಲಿ, ದಿ ಓಪನ್ ಜುಲೈಯಲ್ಲಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನವರಿಗೆ ಇವು ಎಂಥ ತಿಂಗಳು? ಸಸಿ ಮಡಿ ಮುಗಿಸಿ, ಮುಂಗಾರು ಪೂರ್ವ ಮಳೆ ಬಿದ್ದೊಡನೆ ನಾಟಿ, ಗೊಬ್ಬರ, ಕೂಲಿ, ಜುಲೈ ಹೊತ್ತಿಗೆ ಎಲೆ ಮುರಿದು ಬ್ಯಾರನ್‌ಗೆ ಏರಿಸುವುದು, ಸೌದೆ. ದುಡ್ಡು ಹೋಗುವ ತಿಂಗಳೇ ಎಲ್ಲವೂ. ಬರುವುದು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳು ಬಾಗಿಲು ತೆರೆದ ಮೇಲೆ, ಅದೂ ಬ್ಯಾಂಕಿನವರು ಸಾಲ ಮುರಿದುಕೊಂಡು ಉಳಿದದ್ದು. ಕೋಟೆಯ ಹತ್ತಿಗೂ ಅದೇ ಪಾಡು. ಕೆ.ಆರ್. ನಗರದ ಭತ್ತದವರಿಗಂತೂ ಆ ಹೊತ್ತಿಗೆ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬುದೇ ಚಿಂತೆ.

ಅಂದಮೇಲೆ ಆ ನಾಲ್ಕು ತಿಂಗಳಲ್ಲಿ ಮೊಬೈಲಿನಿಂದ ಹೋಗುವ ಪ್ರತಿ ನೂರು ರೂಪಾಯಿಯೂ ಸಾಲದ ನೂರು, ಬಡ್ಡಿ ಬೆಳೆಯುವ ನೂರು. ಕ್ರಿಕೆಟ್ ಬೆಟ್ಟಿಂಗ್ ಜಾಲ ಏಪ್ರಿಲ್–ಮೇನಲ್ಲಿ ಇದೇ ಜೇಬಿಗೆ ಕೈ ಹಾಕುತ್ತದೆ. ಮನೆಯ ಹುಡುಗ ರಾತ್ರಿ ಮೊಬೈಲ್ ಬಿಡುತ್ತಿಲ್ಲ, ಕೇಳಿದರೆ ರೇಗುತ್ತಾನೆ, ಕೈಸಾಲ ಕೇಳುತ್ತಾನೆ ಎಂದಾದರೆ ಬೈಯುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಆ್ಯಪ್‌ನವರು ಮೋಸ ಮಾಡಿ ಖಾತೆ ಖಾಲಿ ಮಾಡಿದ್ದರೆ 1930, ತಡಮಾಡದೆ.

ಇನ್ನು ಆಟ ನೋಡುವ ವಿಷಯ. ಮಾಸ್ಟರ್ಸ್ ಮುಗಿಯುವಾಗ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ ನಾಲ್ಕೂವರೆ, ಡೇರಿಗೆ ಹಾಲು ಹಾಕುವವರು ಏಳುವ ಹೊತ್ತು. ದಿ ಓಪನ್ ಭಾನುವಾರ ರಾತ್ರಿ ಹನ್ನೊಂದರ ಆಸುಪಾಸಿಗೆ ಮುಗಿಯುತ್ತದೆ. ಮೊದಲ ಸಲ ಜೋಡಿ ಹಿಡಿಯುವವರು ಅದರಿಂದಲೇ ಶುರು ಮಾಡಿ. ಇಬ್ಬರೂ ಸಮ ಹೊಡೆತದಲ್ಲಿ ಮುಗಿಸಿದರೆ ಕಾಫಿ ಬೈಟು, ಬಿಲ್ ಅರ್ಧರ್ಧ.